ಮಣೂಕದಂಗಡಿಯ ಹಿಂದೆ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಶಾಲೆಯಲ್ಲಿ ಶೋಕಸಭೆ ಮಾಡಿದರು. ಫೋಟೋಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಶಿಸ್ತು, ಸಮಯಪಾಲನೆ, ಸರಳತೆ ಎಲ್ಲವೂ ಬಂದುಹೋದವು. ಕೊನೆಗೆ ಮುಖ್ಯೋಪಾಧ್ಯಾಯರು ಗಂಟಲು ಸರಿಮಾಡಿಕೊಂಡು, 'ಬದುಕಿನಲ್ಲಿ ಒಂದು ಹೆಜ್ಜೆಯನ್ನೂ ಅಡ್ಡದಾರಿಯಲ್ಲಿ ಇಟ್ಟವರಲ್ಲ' ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ನಗು ಉಕ್ಕಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಪಕ್ಕದವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ನಿಜವಾಗಿಯೂ ಅಳು ಬಂತು, ಹಾಗಾಗಿ ಅವರ ಸವರಿಕೆ ಪೂರ್ತಿ ವ್ಯರ್ಥವಾಗಲಿಲ್ಲ.

ಸಭೆಯಲ್ಲಿ ಯಾರೂ ಹೇಳದ, ಹೇಳಲಾಗದ ಸಂಗತಿಯೊಂದಿದೆ. ಅಕ್ಕೋರು ಬಾರಿಗೆ ಹೋಗಿದ್ದರು. ಅವರ ಜೊತೆ ನಾನೂ ಹೋಗಿದ್ದೆ.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಮಕ್ಕಳು ನನ್ನನ್ನೂ ಹಾಗೇ ಕರೆಯುತ್ತಾರೆ. ಆದರೆ ತಿಕೋಟಾದಲ್ಲಿ ಹಿಂದೆಮುಂದೆ ಏನೂ ಸೇರಿಸದೆ ಬರೀ 'ಅಕ್ಕೋರು' ಎಂದರೆ ಅವರೊಬ್ಬರೇ, ಗಣಿತದ ಅಕ್ಕೋರು. ಎತ್ತರದ ಆಳು, ದೊಡ್ಡ ಹೆಜ್ಜೆ, ವಿಜಯಪುರದ ಬಿಸಿಲಿಗೆ ಬಣ್ಣ ಹೋದ ಕರಿ ಕೊಡೆ. ನಾವಿಬ್ಬರೂ ದಿನಾ ವಿಜಯಪುರದಿಂದ ತಿಕೋಟಾಕ್ಕೆ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಕಂಡಕ್ಟರ್ ಚಿಲ್ಲರೆ ಇಲ್ಲ ಅಂದರೆ ಅಕ್ಕೋರು ಸುಮ್ಮನೆ ಅವನ ಮುಖ ನೋಡುತ್ತಿದ್ದರು, ಚಿಲ್ಲರೆ ತಾನಾಗಿಯೇ ಹುಟ್ಟುತ್ತಿತ್ತು. ತರಗತಿಯಲ್ಲಿ ಹುಡುಗರು ತಿಳಿಯದಿದ್ದರೂ ತಲೆ ಆಡಿಸಿದರೆ, 'ಕೇಳ್ರಲೇ, ಕೇಳಿದ್ರ ನಾಲಿಗಿ ಸವದ ಹೋಗತೈತೇನು?' ಎಂದು ರೇಗುತ್ತಿದ್ದರು. ಯಾರ ಮನೆಗೂ ಬರಿಗೈಯಲ್ಲಿ ಹೋದವರಲ್ಲ. ನನಗೆ ಜ್ವರ ಬಂದಾಗ ನೋಡಲು ಬಂದವರು ಶೇಂಗಾ ಉಂಡಿ ತಂದಿದ್ದರು. ಜ್ವರದವಳಿಗೆ ಶೇಂಗಾ ಉಂಡಿ ಯಾರು ಕೊಡುತ್ತಾರೆ ಎಂದು ನನ್ನ ಅತ್ತೆ ಗೊಣಗಿದ್ದಕ್ಕೆ, 'ಆಕಿಗಲ್ರಿ, ಆಕಿನ್ನ ನೋಡ್ಕೊಳ್ಳೋ ನಿಮಗ' ಎಂದು ಡಬ್ಬಿಯನ್ನು ಅತ್ತೆಯ ಮಡಿಲಿಗೇ ಹಾಕಿದರು. ಆವತ್ತಿನಿಂದ ನನ್ನತ್ತೆ ಅಕ್ಕೋರ ಪಕ್ಷ.

ಒಮ್ಮೆ ಸಂಜೆಯ ಬಸ್ಸಿನಲ್ಲಿ ಒಬ್ಬ ಕುಡುಕ ಹತ್ತಿದ. ಎಲ್ಲರೂ ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದರು. ಅಕ್ಕೋರು ಮಾತ್ರ ಅವನನ್ನೇ ನೋಡುತ್ತ ಕೂತರು. ಸಿಟ್ಟಿನಿಂದಲ್ಲ, ಅಸಹ್ಯದಿಂದಲೂ ಅಲ್ಲ. ಬೋರ್ಡಿನ ಮೇಲೆ ಬಿಡಿಸಲಾಗದ ಲೆಕ್ಕವನ್ನು ನೋಡುವ ಹಾಗೆ. ಊರು ಬಂದು ಇಳಿಯುವಾಗ ನನ್ನ ಕಿವಿಯಲ್ಲಿ ಅಂದರು: 'ಅಲ್ಲೇನಿರತೈತಿ ತಂಗಿ? ನಮ್ಮ ಮನ್ಯಾಗ ಇರಲಾರದ್ದು ಅಲ್ಲೇನಿರತೈತಿ?'

ಅವರ ಯಜಮಾನರು ನೀರಾವರಿ ಆಫೀಸಿನಲ್ಲಿದ್ದರು, ಕಾಖಂಡಕಿಯವರು. ದಿನವೂ ಆಫೀಸು ಬಿಟ್ಟು ನೇರ ಬಾರಿಗೆ ಹೋಗಿ, ಊಟದ ಹೊತ್ತು ಮೀರಿದ ಮೇಲೆ ಮನೆಗೆ ಬರುತ್ತಿದ್ದರು. ಜಗಳ ಆಡಿದವರಲ್ಲ, ಕೈ ಎತ್ತಿದವರಲ್ಲ, ಪಗಾರ ತಂದು ಕೊಡುವುದನ್ನು ಒಂದು ತಿಂಗಳೂ ತಪ್ಪಿಸಿದವರಲ್ಲ. ಚಪ್ಪಲಿ ಸದ್ದಾಗದಂತೆ ಒಳಬಂದು, ಮುಚ್ಚಿಟ್ಟ ತಾಟು ತೆಗೆದು ಉಂಡು, ತಾವೇ ತೊಳೆದಿಟ್ಟು ಮಲಗುವವರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಮ್ಮ ನಮ್ಮ ಗಂಡಂದಿರ ಮೇಲಿನ ದೂರುಗಳನ್ನು ಉಪ್ಪುಖಾರ ಹಚ್ಚಿ ಹೇಳಿಕೊಳ್ಳುವಾಗ ಅಕ್ಕೋರು ಬಾಯಿ ಬಿಡುತ್ತಿರಲಿಲ್ಲ. ಒಂದೇ ಸಲ ನನ್ನೆದುರು ಹೇಳಿದ್ದರು: 'ಬೈದಿದ್ರ ಬೈದ್ರಂತ ಹೇಳ್ಕೊಂಡು ಅಳಬಹುದಿತ್ತು. ಇವ್ರು ಏನೂ ಮಾಡಂಗಿಲ್ಲ. ನಾ ಯಾರ ಮುಂದ ಏನಂತ ಹೇಳ್ಲಿ?' ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ, ಆ ಇಬ್ಬರೂ ಒಟ್ಟಿಗೆ ಕೂತದ್ದು ಕಡಿಮೆ.

ಅಕ್ಕೋರು ನಿವೃತ್ತರಾಗುವ ಸ್ವಲ್ಪ ಮೊದಲು ಯಜಮಾನರು ಎದೆನೋವೆಂದು ಕೂತವರು ಏಳಲಿಲ್ಲ. ಕಾಖಂಡಕಿಯ ಹೊಲದಲ್ಲಿ ಮಣ್ಣು ಮಾಡಿದರು. ಅಕ್ಕೋರ ಕಣ್ಣಿನಿಂದ ಒಂದು ಹನಿ ಬೀಳಲಿಲ್ಲ. ಓಣಿಯ ಹೆಂಗಸರು ಆಡಬೇಕಾದ್ದೆಲ್ಲ ಆಡಿಕೊಂಡರು. ನಾನು ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ. ನನಗೆ ಗೊತ್ತಿತ್ತು, ಅವರಿಗೆ ಸಿಟ್ಟು ಇನ್ನೂ ಮುಗಿದಿರಲಿಲ್ಲ. ಸಿಟ್ಟು ಮುಗಿಯದೆ ಅಳು ಹೇಗೆ ಬರಬೇಕು?

ಹೀಗಿರುವಾಗ ಮಲ್ಲು ಬಂದ. ಬಿಜ್ಜರಗಿಯ ಹುಡುಗ, ನಮ್ಮ ಶಾಲೆಯಲ್ಲೇ ಓದಿದವನು. ಹುಡುಗ ಅಂದೆ, ಈಗ ಅವನ ಮೀಸೆಯಲ್ಲೂ ಬಿಳಿಕೂದಲಿವೆ. ಗೋವಾ, ಪುಣೆ ಅಂತ ಬಹಳ ವರ್ಷ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ್ದ. ನಮ್ಮ ಕಡೆ ಒಣದ್ರಾಕ್ಷಿಗೆ ಮಣೂಕ ಅನ್ನುತ್ತೇವೆ. ಅಂಥ ಮಣೂಕದ ಡಬ್ಬಿಯೊಂದನ್ನು ಹಿಡಿದು ಅಕ್ಕೋರ ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದ. ನಾನೂ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದೆ.

'ಇಲ್ಲೇ ಜೋರಾಪುರ ಪೇಟ್ಯಾಗ ಮಣೂಕದ ಅಂಗಡಿ ಹಾಕೇನ್ರಿ ಅಕ್ಕೋರ,' ಅಂದ.

'ಮಣೂಕ ಮಾರಾಕ ಪುಣೆ ಬಿಟ್ಟು ಬಂದ್ಯಾ?' ಅಕ್ಕೋರು ಕನ್ನಡಕದ ಮೇಲಿನಿಂದ ನೋಡಿದರು.

ಅಷ್ಟೇ ಸಾಕಾಯಿತು. ಮಲ್ಲು ಮತ್ತೆ ಹತ್ತನೇ ಇಯತ್ತೆಯ ಹುಡುಗನಾಗಿಬಿಟ್ಟ. ಕೈಕಟ್ಟಿ ನಿಂತು ಎಲ್ಲ ಒಪ್ಪಿಸಿದ. ಅಂಗಡಿಯ ಹಿಂದೆ ಹಳೆಯ ಗೋದಾಮು, ಗೋದಾಮಿನಲ್ಲಿ ಬಾರು. ಕಾನೂನಿನ ಪ್ರಕಾರ ಅದು ಹಿಂದಿನ ಬೀದಿಯ ಲಾಡ್ಜಿಗೆ ಸೇರಿದ್ದು, ಕಾಗದಪತ್ರ ಎಲ್ಲ ಸರಿಯಾಗಿದೆ. ಆದರೆ ಬೋರ್ಡು ಇಲ್ಲ, ಬಾಗಿಲು ಕಾಣುವುದಿಲ್ಲ. ಗೊತ್ತಿದ್ದವರು ಮಾತ್ರ ಮಣೂಕದಂಗಡಿಯ ಒಳಗಿಂದ ಬರುತ್ತಾರೆ. ಪುಣೆ, ಮುಂಬಯಿ ಕಡೆ ಈಗ ಹೀಗೆ ಬಚ್ಚಿಟ್ಟ ಬಾರುಗಳೇ ಫ್ಯಾಶನ್ನಂತೆ. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮೂರಿನ ಗಂಡಸರು ಯಾವ ಫ್ಯಾಶನ್ನೂ ಇಲ್ಲದ ಕಾಲದಿಂದ ಹಿಂದಿನ ಬಾಗಿಲಿನಲ್ಲೇ ಹೋಗುತ್ತ ಬಂದವರು.

ಮಲ್ಲು ಬೈಗುಳಕ್ಕೆ ತಲೆಬಗ್ಗಿಸಿ ಕಾಯುತ್ತಿದ್ದ. ಅಕ್ಕೋರು ಕೇಳಿದ್ದು ಒಂದೇ ಮಾತು.

'ಅಲ್ಲಿ ಹೆಣ್ಮಕ್ಕಳು ಬರಬಹುದೇನು?'

ನನ್ನ ಚಹಾ ಸೀರೆಯ ಮೇಲೆ ಬಿತ್ತು.

ಎಷ್ಟು ಹೇಳಿದರೂ ಕೇಳಲಿಲ್ಲ. 'ನಾ ಕುಡ್ಯಾಕ ಹೋಗಾಕತ್ತಿಲ್ಲ ತಂಗಿ. ನೋಡಾಕ ಹೋಗಾಕತ್ತೇನಿ. ಇಡೀ ಸಂಸಾರ ಒಂದು ಬಾಗಲದ ಹೊರಗ ನಿಂತೇನಿ, ಒಳಗ ಏನೈತಿ ಅಂತ ಗೊತ್ತಿಲ್ದನ ಸಾಯಂಗಿಲ್ಲ. ನೀ ಬರದಿದ್ರ ಬಿಡು, ನಾ ಒಬ್ಬಾಕಿನ ಹೋಗ್ತೇನಿ.' ಅಕ್ಕೋರು ಒಬ್ಬರೇ ಬಾರಿಗೆ ಹೋಗುವ ಚಿತ್ರ ಕಣ್ಣಮುಂದೆ ಬಂದು, ಹೂಂ ಅಂದುಬಿಟ್ಟೆ.

ಹೋಗುವ ದಿನ ಸಂಜೆ, ಇನ್ನೂ ಬಿಸಿಲಿರುವಾಗಲೇ, ಅಕ್ಕೋರು ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ. 'ಇದೇನ್ರಿ?' ಅಂದೆ. 'ಶೇಂಗಾ ಉಂಡಿ. ಮಂದಿ ಇದ್ದಲ್ಲಿ ಬರಿಗೈಲೆ ಹೆಂಗ ಹೋಗೋದು?' ಅಂದರು. ನಾನು ತಲೆತುಂಬ ಸೆರಗು ಹೊದ್ದು, ಮಗನ ಕರಿ ಕನ್ನಡಕ ಹಾಕಿಕೊಂಡಿದ್ದೆ. ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡಿ ನೋಡಿ, 'ಕಣ್ಣು ಬಂದಾವೇನ್ರಿ ಬಾಯಾರ?' ಎಂದು ಕೇಳಿದ.

ಅಂಗಡಿ ನಿಜವಾದ ಅಂಗಡಿಯೇ. ಹಸಿರು, ಹೊಂಬಣ್ಣ, ಕಪ್ಪು ಮಣೂಕದ ರಾಶಿಗಳು, ತಕ್ಕಡಿ, ಕೊಳ್ಳಲು ಬಂದ ಸಂಸಾರಸ್ಥರು. ಒಳಗೆ ಹೋಗಬೇಕಾದವರು ಗಲ್ಲೆಯ ಮೇಲೆ ದುಡ್ಡು ಎಣಿಸುತ್ತಿದ್ದವನ ಹತ್ತಿರ 'ಹ್ವಾದ ವರ್ಷದ ಮಣೂಕ ಅದಾವೇನು' ಎಂದು ಕೇಳಬೇಕು, ಅದೇ ಗುರುತು ಎಂದು ಮಲ್ಲು ಹೇಳಿಕೊಟ್ಟಿದ್ದ. ಹೊಸ ಮಾಲು ಎದುರಿಗಿರುವಾಗ ಹಳೆಯದನ್ನು ಯಾರೂ ಕೇಳುವುದಿಲ್ಲವಲ್ಲ. ನಾನು ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಕ್ಕೋರು ನನ್ನನ್ನು ಸರಿಸಿ ಮುಂದೆ ಹೋದರು. ತುಂಬಿದ ಅಂಗಡಿಯಲ್ಲಿ, ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು: 'ನಮಗ ಮಣೂಕ ಬ್ಯಾಡಪ್ಪಾ. ಬಾರಿಗೆ ಹೋಗಬೇಕು. ಬಾಗಲಾ ತಗಿ.'

ತಕ್ಕಡಿ ನಿಂತಿತು. ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಗಲ್ಲೆಯವನು ಬೆವರೊರೆಸುತ್ತ ಡಬ್ಬಿಗಳನ್ನು ಪೇರಿಸಿದ್ದ ಕಪಾಟನ್ನು ಎಳೆದ, ಅದು ಬಾಗಿಲಿನಂತೆ ತೆರೆದುಕೊಂಡಿತು. ಅಕ್ಕೋರು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಹೋದರು. ನಾನೂ ಬಿಟ್ಟೆ, ಇನ್ನೇನು ಮಾಡಲಿ.

ಒಳಗೆ ದಪ್ಪ ಕಲ್ಲಿನ ಗೋಡೆ, ತಂಪು, ಮಂದ ದೀಪ. ಉದ್ದನೆಯ ಮರದ ಕಟ್ಟೆ, ಅದರ ಹಿಂದೆ ಸಾಲು ಬಾಟಲಿಗಳು. ಮೇಜುಗಳ ಸುತ್ತ ಗಂಡಸರು ಜೋರಾಗಿ ನಗುತ್ತ ಕೂತಿದ್ದರು. ಯಾರೋ ಒಬ್ಬ ತಿರುಗಿ ನೋಡಿದ. 'ಅಕ್ಕೋರು!' ಎಂದ. ಕುರ್ಚಿಗಳು ಕಿರ್ರೆಂದು ಹಿಂದೆ ಸರಿದವು. ತಿಕೋಟಾ, ಬಿಜ್ಜರಗಿ ಕಡೆಯ ದ್ರಾಕ್ಷಿ ಬೆಳೆಗಾರರು, ವ್ಯಾಪಾರಿಗಳು, ಹೊಟ್ಟೆ ಬಂದವರು, ತಲೆ ಬೋಳಾದವರು, ಎಲ್ಲ ಒಟ್ಟಿಗೆ ಎದ್ದು ನಿಂತರು. ಗ್ಲಾಸು ಹಿಡಿದ ಕೈಗಳು ಬೆನ್ನಹಿಂದೆ ಹೋದವು. ಅರ್ಧಕ್ಕರ್ಧ ಮಂದಿ ಅವರ ಹತ್ತಿರ ಏಟು ತಿಂದವರೇ.

ಅಕ್ಕೋರು ಒಂದು ಸುತ್ತು ಎಲ್ಲರ ಮುಖ ನೋಡಿದರು. 'ಕೂಡ್ರಿ, ಕೂಡ್ರಿ. ನಾ ಹಾಜರಿ ತಗೊಳಾಕ ಬಂದಿಲ್ಲ.' ಆಮೇಲೆ ಗೋಡೆಪಕ್ಕದ ಒಬ್ಬನಿಗೆ, 'ಲೇ, ಹಿಂದ ಚೆಲ್ಲಾಕತ್ತೈತಿ ನೋಡು. ಒರಸು ಅದನ್ನ' ಎಂದರು. ಉಂಡಿಯ ಡಬ್ಬಿ ಮೇಜಿನಿಂದ ಮೇಜಿಗೆ ಹೋಯಿತು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮಲ್ಲು ನಮ್ಮನ್ನು ಕಟ್ಟೆಯ ಹತ್ತಿರ ಕೂರಿಸಿ ತನ್ನ ಕೈಗುಣ ತೋರಿಸಿದ. ತನ್ನ ತೋಟದ ಕರಿದ್ರಾಕ್ಷಿ ಹಿಂಡಿ, ಇಂಡಿ ಕಡೆಯ ಲಿಂಬೆ, ಶುಂಠಿ, ಚೂರು ಬೆಲ್ಲ ಹಾಕಿ, ಮುಚ್ಚಿದ ಪಾತ್ರೆಯಲ್ಲಿ ಐಸಿನ ಜೊತೆ ಗಡಗಡ ಕುಲುಕಿ ಸುರಿದುಕೊಟ್ಟ. ಅಕ್ಕೋರ ಗ್ಲಾಸಿನಲ್ಲಿ ಮದ್ಯ ಇರಲಿಲ್ಲ. ನನ್ನ ಗ್ಲಾಸಿನಲ್ಲಿ ಏನಿತ್ತೆಂದು ಬರೆಯುವುದಿಲ್ಲ, ನನ್ನ ನೌಕರಿ ಇನ್ನೂ ಬಾಕಿ ಇದೆ.

ಅಕ್ಕೋರು ಅರ್ಧ ಕುಡಿದು ಗ್ಲಾಸು ಇಟ್ಟರು. 'ಚೊಲೊ ಐತಿ. ಆದ್ರ ಮಲ್ಲು, ನಮ್ಮವರು ಏನ ಕುಡೀತಿದ್ರು ಅದನ್ನ ನೋಡಬೇಕು.'

'ಏನ ಕುಡೀತಿದ್ರರಿ?'

'ಹೆಸರು ಗೊತ್ತಿಲ್ಲ. ವಾಸನಿ ಗೊತ್ತೈತಿ.'

ಮಲ್ಲು ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಬಾಟಲಿಗಳನ್ನು ಒಂದೊಂದಾಗಿ ಇಳಿಸಿ, ಮುಚ್ಚಳದಲ್ಲಿ ಹನಿ ಹನಿ ಹಾಕಿ ಮುಂದಿಟ್ಟ. ಅಕ್ಕೋರು ಕಣ್ಣುಮುಚ್ಚಿ ಮೂಸುತ್ತ ಹೋದರು. ಅಲ್ಲ. ಅಲ್ಲ. ಇದೂ ಅಲ್ಲ. ಒಂದು ಮುಚ್ಚಳದ ಹತ್ತಿರ ಅವರ ಮುಖ ನಿಂತುಬಿಟ್ಟಿತು. ಬಹಳ ಹೊತ್ತು ಎತ್ತಲಿಲ್ಲ. ಹೋದ ಮನುಷ್ಯ ಬಾಗಿಲಲ್ಲಿ ಬಂದು ನಿಂತನೋ ಎಂಬಂತೆ ಕಣ್ಣು ತೆರೆದು ಅತ್ತ ನೋಡಿದರು. 'ಇದು,' ಅಂದರು.

ಅದು ಬಹಳ ಸಾಧಾರಣ ರಮ್ಮು. ಅಕ್ಕೋರು ಕಿರುಬೆರಳ ತುದಿ ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವುಚಿದರು. 'ಕೆಮ್ಮಿನ ಔಷಧ ಇದ್ದಂಗೈತಿ. ಇಷ್ಟಕ್ಕೇನ?' ಆಮೇಲೆ ಕುರ್ಚಿ ತಿರುಗಿಸಿ ಕೋಣೆಯನ್ನು ನೋಡಿದರು. ಅಷ್ಟರಲ್ಲಿ ಮಂದಿಗೆ ಹೆದರಿಕೆ ಇಳಿದು ಮತ್ತೆ ಮಾತು ಶುರುವಾಗಿತ್ತು. ಒಬ್ಬರ ಹೆಗಲ ಮೇಲೆ ಒಬ್ಬರ ಕೈ, ಒಬ್ಬ ಹೇಳುತ್ತಿದ್ದ, ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕೋರ ಮುಖ ಸಣ್ಣದಾಯಿತು.

'ಅದಕ್ಕಲ್ಲ ತಂಗಿ, ಇದಕ್ಕ ಬರ್ತಿದ್ರು. ಹಿಂಗ ನಗಾಕ. ನಮ್ಮ ಮನ್ಯಾಗ ಒಮ್ಮಿನೂ ಹಿಂಗ ನಕ್ಕವರಲ್ಲ. ನನ್ನ ಜೋಡಿ ಬರಲಾರದ ನಗಿ ಇಲ್ಲಿ ಮಂದಿ ಜೋಡಿ ಬರ್ತಿತ್ತು.'

ಅವರನ್ನು ಕರೆತಂದದ್ದೇ ತಪ್ಪಾಯಿತು ಅನಿಸಿತು. ಆಗ, ಗ್ಲಾಸು ಒರೆಸುತ್ತ ಇಷ್ಟುಹೊತ್ತು ಸುಮ್ಮನಿದ್ದ ಮುದುಕ ಹತ್ತಿರ ಬಂದ. ಎಲ್ಲರೂ ಅವನನ್ನು ಕಾಕಾ ಅನ್ನುತ್ತಿದ್ದರು. ಮೊದಲು ಬಸ್ ನಿಲ್ದಾಣದ ಕಡೆಯ ಹಳೆಯ ಬಾರಿನಲ್ಲಿ ಬಹಳ ವರ್ಷ ವೇಟರ್ ಆಗಿದ್ದನಂತೆ, ಅದು ಮುಚ್ಚಿದ ಮೇಲೆ ಮಲ್ಲು ಕರೆದುಕೊಂಡಿದ್ದ.

'ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ನಿಮ್ಮ ಯಜಮಾನ್ರು ನೀರಾವರಿ ಆಫೀಸಿನ್ಯಾಗ ಇದ್ರೇನ್ರಿ? ಕಾಖಂಡಕಿ ಸಾಹೇಬ್ರು?'

ಅಕ್ಕೋರು ತಲೆಯಾಡಿಸಿದರು.

'ಅವ್ರು ಯಾರ ಜೋಡಿನೂ ನಗತಿರ್ಲಿಲ್ರಿ. ಯಾರ ಜೋಡಿನೂ ಕೂಡ್ತಿರ್ಲಿಲ್ಲ. ಮೂಲಿ ಟೇಬಲ್, ಗ್ವಾಡಿ ಕಡಿ ಮುಖ. ಯಾರರ ಬಂದು ಮಾತಾಡಿಸಿದ್ರ ಎದ್ದು ಕೈ ಮುಗದು ಮತ್ತ ಕುಂಡ್ರತಿದ್ರು, ಅಷ್ಟ.'

'ಅಲ್ಲೂ ಮಾತಾಡ್ತಿರ್ಲಿಲ್ಲಾ?' ಅಕ್ಕೋರ ದನಿ ಕೇಳಿಸಿದ್ದು ನನಗೂ ಕಾಕಾನಿಗೂ ಮಾತ್ರ.

'ಇಲ್ರಿ. ನನಗ ನೋಡಿ ನೋಡಿ ಕೆಟ್ಟ ಅನಸ್ತಿತ್ತು. ಒಂದಿನ ಕೇಳೇಬಿಟ್ಟೆ. ಸಾಹೇಬ್ರ, ಇಲ್ಲಿ ಗ್ವಾಡಿ ನೋಡ್ಕೋತ ಕುಂಡ್ರೋದಕಿಂತ ಮನಿಗೆ ಹೋಗಬಾರದೇನ್ರಿ ಅಂತ. ಅದಕ್ಕ ಅಂದ್ರು, ಮನ್ಯಾಗ ನಮ್ಮವರು ಪೇಪರ್ ತಿದ್ದಾಕತ್ತಿರ್ತಾರ. ನಾ ಹ್ವಾದ್ರ ಲೆಕ್ಕ ತಪ್ಪತೈತಿ. ಅವ್ರದು ಮುಗೀಲಿ, ಹೋಗ್ತೇನಿ ಅಂತ.'

ಆ ಪೇಪರುಗಳ ಕಥೆ ನನಗೆ ಗೊತ್ತಿತ್ತು. ಪರೀಕ್ಷೆಯಿರಲಿ, ಇಲ್ಲದಿರಲಿ, ಅಕ್ಕೋರ ಚೀಲದಲ್ಲಿ ತಿದ್ದುವ ಕಟ್ಟು ಇದ್ದೇ ಇರುತ್ತಿತ್ತು. ತಮ್ಮದು ಮುಗಿದರೆ ಬೇರೆಯವರದನ್ನು ಕೇಳಿ ಒಯ್ಯುತ್ತಿದ್ದರು, ನನ್ನವನ್ನೂ ಒಯ್ದಿದ್ದಾರೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವರನ್ನು ಕೆಲಸದ ಹುಚ್ಚಿ ಅನ್ನುತ್ತಿದ್ದರು. ನನ್ನೆದುರು ಮಾತ್ರ ಅವರು, 'ಇವ್ರು ಬರೂತನಕ ಹೊತ್ತು ಹೋಗಬೇಕಲ್ಲ ತಂಗಿ' ಅಂದಿದ್ದರು. ಯಜಮಾನರು ಬರಲೆಂದು ಇವರು ಪೇಪರು ತಿದ್ದುತ್ತ ಕೂತರು. ಇವರ ಪೇಪರು ಮುಗಿಯಲೆಂದು ಅವರು ಗೋಡೆ ನೋಡುತ್ತ ಕೂತರು. ಇಡೀ ಸಂಸಾರ ಹೀಗೇ ಹೋಯಿತು.

ಕಾಕಾನಿಗೆ ತಾನೇನು ಹೇಳಿದೆ ಎನ್ನುವುದು ಗೊತ್ತಿರಲಿಲ್ಲ. ನೀರು ತಂದು ಮುಂದಿಟ್ಟು ಹೋದ. ಅಕ್ಕೋರು ಎದ್ದರು. ಮಲ್ಲುವಿನ ತಲೆಯ ಮೇಲೆ ಕೈಯಿಟ್ಟರು, ಕಾಕಾನಿಗೆ ಕೈಮುಗಿದರು. ಗಂಡಸರೆಲ್ಲ ಮತ್ತೆ ಎದ್ದು ನಿಂತರು. ಈ ಸಲ ಯಾರಿಗೂ ಕೂಡ್ರಿ ಅನ್ನಲಿಲ್ಲ.

ಅಂಗಡಿ ದಾಟಿ ಪೇಟೆಗೆ ಬಂದ ಮೇಲೆ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಸಂಜೆಯ ಗಿರಾಕಿಗಳು, ಸೈಕಲ್ಲು, ಆಟೋ, ಗದ್ದಲ. ಆ ಗದ್ದಲದ ನಡುವೆ ಇಳಕಲ್ ಸೆರಗನ್ನು ಮುಖಕ್ಕೆ ಹಿಡಿದು ಅಳತೊಡಗಿದರು. ಸಣ್ಣ ಅಳುವಲ್ಲ, ಸತ್ತವರ ಮನೆಯಲ್ಲಿ ಅಳುವ ಅಳು.

'ನಾನ ಅಂದಿದ್ದೆ ತಂಗಿ,' ಅಂದರು. 'ಲಗ್ನ ಆದ ಹೊಸದಾಗ. ಪೇಪರ್ ತಿದ್ದಾಕತ್ತಿದ್ದೆ, ಬಾಜೂಕ ಬಂದು ಕುಂತು ಏನೋ ಹೇಳಾಕ ಬಂದ್ರು. ಸುಮ್ಮನಿರ್ರಿ ಸ್ವಲ್ಪ, ಲೆಕ್ಕ ತಪ್ಪತೈತಿ ಅಂದೆ. ಒಮ್ಮಿ ಅಂದೇನಿ. ಒಂದ ಒಮ್ಮಿ. ಆ ಮನಿಷ್ಯಾ ಸಾಯೂತನಕ ಸುಮ್ಮನಿದ್ದ ಬಿಟ್ರು.'

ನಾನು ಅವರ ಪಕ್ಕ ಕೂತು ಕೈ ಹಿಡಿದುಕೊಂಡೆ. ಹೋಗಿಬರುವವರು ನೋಡಿದರು. ನೋಡಲಿ. ಕರಿ ಕನ್ನಡಕ ನನಗೆ ಆಗ ಕೆಲಸಕ್ಕೆ ಬಂತು.

ಮುಂದಿನ ರವಿವಾರ ಅಕ್ಕೋರು ಕಾಖಂಡಕಿಗೆ ಹೋಗೋಣ ಎಂದರು. ಬಬಲೇಶ್ವರದ ದಾರಿಯ ಬಸ್ಸು ಹಿಡಿದು ಹೋಗಿ, ಊರಿನಿಂದ ಹೊಲಕ್ಕೆ ನಡೆದೆವು. ಜೋಳ ಮೊಣಕಾಲೆತ್ತರ ಬಂದಿತ್ತು. ಬದುವಿನ ಬೇವಿನಗಿಡದ ಕೆಳಗೆ ಯಜಮಾನರ ಗದ್ದುಗೆ, ಅದರ ಸುತ್ತ ಹುಲ್ಲು ಎದ್ದಿತ್ತು. 'ನೀ ಇಲ್ಲೇ ನಿಂದರು' ಎಂದು ನನಗೆ ಹೇಳಿ ಅವರು ಮುಂದೆ ಹೋದರು. ನಾನು ನಿಂತೆ, ಆದರೆ ಗಾಳಿ ನನ್ನ ಕಡೆಗೇ ಬೀಸುತ್ತಿತ್ತು.

ಕೈಯಿಂದಲೇ ಹುಲ್ಲು ಕಿತ್ತು ಜಾಗ ಹಸನು ಮಾಡಿದರು. ಕುಂಕುಮ, ಹೂವು ಏನನ್ನೂ ತಂದಿರಲಿಲ್ಲ. ಎದುರಿಗೆ, ಇಬ್ಬರು ಕೂತು ಮಾತಾಡುವಷ್ಟು ದೂರದಲ್ಲಿ, ಕಾಲು ಮಡಚಿ ಕೂತರು. ಆಮೇಲೆ ಸೆರಗು ಸರಿಮಾಡಿಕೊಂಡು, ಹೊಸ ಮದುಮಗಳ ದನಿಯಲ್ಲಿ ಕರೆದರು.

'ಏನ್ರಿ... ಪೇಪರ್ ಎಲ್ಲಾ ಮುಗದಾವ್ರಿ. ಮಾತಾಡ್ರಿ.'